ಬೊಲಿಥೋ ಅಮ್ಮನ ವರಂಗಿ

ಗಸ್ ಲಿಂಡ್ನರ್ ಬೆಳಿಗ್ಗೆ ಎದ್ದವನೇ ಕೈಗೆ ಸಿಕ್ಕಿದ ಮಣ್ಣಿನ ಲೋಟ ಎತ್ತಿ ಗಟಗಟನೆ ಕುಡಿದುಬಿಟ್ಟ. ಕುಡಿದ ಮೇಲೆ ಮುಖ ಹುಳ್ಳಗೆ ಮಾಡಿಕೊಂಡು, "ಥೂ, ಇದ್ಯಾವ ನೀರೋ? ಒಳ್ಳೆ ಸಮುದ್ರದ ನೀರು ಕುಡಿದ ಹಾಗಾಯ್ತು" ಎಂದ.

ಪಕ್ಕದಲ್ಲಿ ಕುರಿಚರ್ಮದ ಮೇಲೆ ಮಲಗಿದ್ದ ಲೈಲ್ ಟ್ರೆಲೋರ್ ಎದ್ದು ಕೂತು ಕಣ್ಣು ಕಿರಿದು ಮಾಡಿ ನೋಡಿದ. ಗುಡಾರದ ಬಾಗಿಲಲ್ಲಿ ಬೀರುವಿನಂಥ ಒಂದು ಆಕಾರ ಕಂಡಿತು. ಗಸ್ಸನನ್ನು ಹತ್ತಿರದಿಂದ ನೋಡಿದರೂ ಅವನು ಹೆಚ್ಚುಕಡಿಮೆ ಹಾಗೇ ಇದ್ದ.

"ಯಾವ ಲೋಟ ಕುಡಿದ್ಯೋ?"

"ಇದೇ, ಕಂಬದ ಬುಡದಲ್ಲಿ ಇತ್ತಲ್ಲ."

"ಅಯ್ಯೋ ಪಾಪಿ! ಅದರಲ್ಲಿ ನನ್ನ ಕಣ್ಣಿತ್ತು ಕಣೋ!"

ಗಸ್ ಲೋಟದೊಳಗೆ ಬೆರಳಾಡಿಸಿದ. ಏನೂ ಇರಲಿಲ್ಲ. ಲೈಲ್ ಇವತ್ತಿಗೆಂದೇ ಮಾಡಿಸಿಕೊಂಡಿದ್ದ ಹೊಸ ಕಾಂಟ್ಯಾಕ್ಟ್ ಲೆನ್ಸುಗಳು ಎರಡೂ ಗಸ್ಸನ ಹೊಟ್ಟೆ ಸೇರಿದ್ದವು. "ಹಂಗಾದ್ರೆ ಈಗ ನನ್ನ ಕರುಳೆಲ್ಲ ಸ್ಪಷ್ಟವಾಗಿ ಕಾಣಿಸ್ತಿರತ್ತೆ ಬಿಡು" ಎಂದು ನಕ್ಕ. ಲೈಲ್ ನಗಲಿಲ್ಲ.

ಲೆನ್ಸನ್ನು ಲೋಟದಲ್ಲಿ ಇಡುವ ಬುದ್ಧಿ ಯಾರಿಗೆ ಬರುತ್ತದೆ ಎಂದು ನೀವು ಕೇಳಬಹುದು. ಕಡೈನಾ ಎಂಬ ಊರಿನ ವರಂಗಿ ಸಂಘದವರಿಗೆ ಬರುತ್ತದೆ. ಸಾವಿರ ವರ್ಷದ ಹಿಂದೆ ಗ್ರೀಕರ ಸಾಮ್ರಾಜ್ಯವಾಗಿದ್ದ ಬೈಜಾಂಟಿಯಂನ ಚಕ್ರವರ್ತಿಗಳು ಸ್ವಂತ ಜನರ ಮೇಲೆ ನಂಬಿಕೆಯಿಲ್ಲದೆ, ಉತ್ತರದಿಂದ ಬಂದ ವೈಕಿಂಗರನ್ನು ಕೂಲಿ ಕೊಟ್ಟು ಅಂಗರಕ್ಷಕರನ್ನಾಗಿ ಇಟ್ಟುಕೊಂಡಿದ್ದರಲ್ಲ, ಅವರೇ ವರಂಗಿಗಳು. ಗಡ್ಡ, ಗಂಡುಗೊಡಲಿ, ಕೆಂಪು ಮೇಲುಹೊದಿಕೆ. ಕಡೈನಾದ ಜನ ವರ್ಷಕ್ಕೊಮ್ಮೆ ಷೋ ಮೈದಾನದಲ್ಲಿ ಗುಡಾರ ಹಾಕಿ ಅವರ ವೇಷ ಕಟ್ಟುತ್ತಾರೆ. ವೇಷ ಅಂದರೆ ಅವರಿಗೆ ಸಿಟ್ಟು ಬರುತ್ತದೆ, ಬದುಕುತ್ತಾರೆ ಎನ್ನಬೇಕು. ಶಿಬಿರದೊಳಗೆ ಪ್ಲಾಸ್ಟಿಕ್ ಇಲ್ಲ, ಗಡಿಯಾರ ಇಲ್ಲ, ಮೆಷಿನ್ ಹೊಲಿಗೆ ಇಲ್ಲ. ಇದನ್ನೆಲ್ಲ ಕಾಯುವವನು ಸಂಘದ ಧರ್ಮಾಧಿಕಾರಿ ನೆವಿಲ್ ಪೆಂಗಿಲ್ಲಿ. ವಾರದ ದಿನಗಳಲ್ಲಿ ಅವನು ತಪ್ಪಾಗಿ ನಿಲ್ಲಿಸಿದ ಕಾರುಗಳಿಗೆ ದಂಡದ ಚೀಟಿ ಅಂಟಿಸುವ ನೌಕರ. ರಜೆಯ ದಿನವೂ ಕೈ ಸುಮ್ಮನಿರುವುದಿಲ್ಲ. ಹಿಂದಿನ ಸಂಜೆ ಲೈಲನ ಲೆನ್ಸಿನ ಪ್ಲಾಸ್ಟಿಕ್ ಡಬ್ಬಿಯನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಹಾಗೆ ಹಿಡಿದುಕೊಂಡು ಹೋಗಿದ್ದ.

ಇನ್ನು ಲೈಲನ ಕಷ್ಟ ಕೇಳಿ. ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವ ಕೆಲಸ ಮಾಡುವ ಈ ಮನುಷ್ಯ ಸಂಘ ಸೇರಿ ವರ್ಷಗಳೇ ಆದರೂ ಒಮ್ಮೆಯೂ ಕೊಡಲಿ ಹಿಡಿದವನಲ್ಲ. ಮುಖ ನುಣ್ಣಗಿದೆ, ದನಿ ಮೆತ್ತಗಿದೆ ಎಂಬ ಕಾರಣಕ್ಕೆ ಪ್ರತಿ ವರ್ಷವೂ ಅವನಿಗೆ ಅಂತಃಪುರದ ಕಂಚುಕಿಯ, ಅಂದರೆ ನಪುಂಸಕ ಸೇವಕನ ಪಾತ್ರ. ಗಡ್ಡ ಬಿಡುವ ಹಾಗಿಲ್ಲ. ಉದ್ದ ನಿಲುವಂಗಿ, ಸೊಂಟದಲ್ಲಿ ಬೀಗದ ಕೈ ಗೊಂಚಲು, ಕೈಯಲ್ಲಿ ಬೀಸಣಿಗೆ. ಹೇಳಲು ಇರುವುದು ಒಂದೇ ಮಾತು: "ಪ್ರಭುಗಳು ವಿಶ್ರಾಂತಿಯಲ್ಲಿದ್ದಾರೆ." ಅಂಗಡಿಗೆ ಬಂದವರೆಲ್ಲ ಬಣ್ಣದ ಡಬ್ಬಿ ಕೇಳುವ ಮೊದಲು, "ಏನ್ ಲೈಲ್, ಪ್ರಭುಗಳು ಎದ್ರಾ?" ಎಂದು ಕೇಳಿ ನಗುತ್ತಿದ್ದರು. ಅವನು ಬೇಡಿ, ಕಾಡಿ, ಮುನಿಸಿಕೊಂಡು, ಕೊನೆಗೆ ಸಂಘ ಬಿಟ್ಟೇ ಹೋಗುತ್ತೇನೆಂದು ಹೆದರಿಸಿದ ಮೇಲೆ ಈ ವರ್ಷ ಅವನನ್ನು ವರಂಗಿ ಮಾಡಲು ಒಪ್ಪಿದ್ದರು. ಚಳಿಗಾಲದಿಂದ ಗಡ್ಡ ಬೆಳೆಸುತ್ತಿದ್ದ. ಅದೂ ಅಲ್ಲಲ್ಲಿ ಬಿಟ್ಟುಬಿಟ್ಟು ಬೆಳೆದಿತ್ತು, ಆದರೆ ಗಡ್ಡ ಗಡ್ಡವೇ. ಇವತ್ತು ಸಿಂಹಾಸನದ ಮುಂದೆ ಪ್ರಮಾಣ ಮಾಡಿದರೆ ಕಂಚುಕಿಯ ಪೀಡೆ ಶಾಶ್ವತವಾಗಿ ತೊಲಗುತ್ತಿತ್ತು.

ಲೈಲ್ ತಡಕಾಡುತ್ತಾ ಹೋಗಿ ಕಾರಿನಿಂದ ಕನ್ನಡಕ ತಂದು ಹಾಕಿಕೊಂಡು ಹತ್ತು ಹೆಜ್ಜೆ ನಡೆದಿರಲಿಲ್ಲ, ನೆವಿಲ್ ಎದುರಾದ.

"ಏನಿದು ಮುಖದ ಮೇಲೆ?"

"ಕನ್ನಡಕ ಸಾರ್. ಗಸ್ ನನ್ನ ಲೆನ್ಸ್ ಕುಡಿದುಬಿಟ್ಟಿದಾನೆ."

"ಯಾವ ವರಂಗಿ ಕನ್ನಡಕ ಹಾಕ್ತಿದ್ದ? ಒಬ್ಬನ ಹೆಸರು ಹೇಳು ನೋಡೋಣ."

"ಕಣ್ಣು ಮಂಜಾಗಿರೋ ವರಂಗಿ ಒಬ್ಬನೂ ಇರಲಿಲ್ವಾ ಸಾರ್?"

"ಇದ್ದ. ಬೇಗ ಸತ್ತ. ಕನ್ನಡಕ ತೆಗೆದಿಡ್ತೀಯೋ, ಕೊಡಲಿ ಕೆಳಗಿಡ್ತೀಯೋ? ನಿಲುವಂಗಿ ಇನ್ನೂ ಪೆಟ್ಟಿಗೆಯಲ್ಲೇ ಇದೆ, ಇಸ್ತ್ರಿ ಮಾಡಿಸಿಟ್ಟಿದೀನಿ."

ಲೈಲ್ ಕನ್ನಡಕ ತೆಗೆದಿಟ್ಟ. ಗಸ್ ಧೈರ್ಯ ಹೇಳಿದ: "ಯಾಕೆ ಹೆದರ್ತೀಯೋ? ನೆಟ್ಟಗೆ ನಡಿ. ಎದುರಿಗೆ ನೇರಳೆ ಬಣ್ಣ ಕಂಡ ತಕ್ಷಣ ಮಂಡಿಯೂರು. ಇಡೀ ಮೈದಾನದಲ್ಲಿ ನೇರಳೆ ಉಡೋನು ಚಕ್ರವರ್ತಿ ಒಬ್ಬನೇ." ಲೈಲನಿಗೂ ಹೌದೆನ್ನಿಸಿತು. ಕಣ್ಣು ಹೋದರೂ ಬಣ್ಣ ಅವನಿಗೆ ಮೋಸ ಮಾಡುವುದಿಲ್ಲ. ನೇರಳೆಯ ಛಾಯೆಗಳನ್ನೆಲ್ಲ ದಿನಾ ಕಲಸುವ ಕೈ ಅದು.

ಚಕ್ರವರ್ತಿ ಅಂದರೆ ಸ್ಟೆಲಿಯೋಸ್ ಕರಾಪಾನೋಸ್. ಊರಿನಲ್ಲಿ ಕರಿದ ಮೀನಿನ ಅಂಗಡಿ ಇಟ್ಟಿರುವ ಗ್ರೀಕ. ಸಂಘದಲ್ಲಿ ಬೈಜಾಂಟಿಯಂ ರಕ್ತ ಇರುವವನು ತಾನೊಬ್ಬನೇ ಎಂದು ಅವನ ವಾದ. ಹಾಗಾಗಿ ಕಿರೀಟ ಅವನ ಸ್ವಂತ ಆಸ್ತಿಯಂತೆ ಆಗಿಹೋಗಿತ್ತು. ಆದರೆ ಆ ಹೊತ್ತಿಗೆ ಸರಿಯಾಗಿ ಅಂಗಡಿಯಿಂದ, ಎಣ್ಣೆ ಬಾಣಲೆ ಕೆಟ್ಟಿದೆ ಎಂದು ಫೋನು ಬಂತು. ಕೈಯಲ್ಲಿ ಫೋನು ಕಂಡರೆ ನೆವಿಲ್ ಬಿಡುವುದಿಲ್ಲವೆಂದು ಅವನು ನಿಲುವಂಗಿ ಎತ್ತಿಕೊಂಡು ಕುದುರೆ ತಂದಿದ್ದ ಲಾರಿಯ ಹಿಂದಕ್ಕೆ ಓಡಿದ. ಸಿಂಹಾಸನ ಖಾಲಿಯಾಯಿತು.

ಪಕ್ಕದಲ್ಲೇ ಊರ ಹೆಂಗಸರ ಪ್ಯಾಸ್ಟಿ ಗುಡಾರ. ಮಾಂಸ, ಆಲೂಗಡ್ಡೆ, ಟರ್ನಿಪ್ ತುಂಬಿ ಕಡುಬಿನ ಹಾಗೆ ಮಡಚಿ ಬೇಯಿಸಿದ ಪ್ಯಾಸ್ಟಿ ಇಲ್ಲದೆ ಕಡೈನಾದಲ್ಲಿ ಯಾವ ಸಮಾರಂಭವೂ ನಡೆಯುವುದಿಲ್ಲ. ಆ ಗುಡಾರದ ಯಜಮಾನಿ ಮಿಸೆಸ್ ಎನಿಡ್ ಬೊಲಿಥೋ. ವಯಸ್ಸು ಎಂಬತ್ತರ ಹತ್ತಿರ, ಎರಡೂ ಮಂಡಿ ಕೈಕೊಟ್ಟಿವೆ, ಬಾಯಿ ಮಾತ್ರ ಗಟ್ಟಿ. ಊರಿಗೆಲ್ಲ ಬೊಲಿಥೋ ಅಮ್ಮ. ಬೆಳಿಗ್ಗೆಯಿಂದ ನಿಂತು ನಿಂತು ಸಾಕಾಗಿತ್ತು. ನೆರಳಲ್ಲಿ ದಿಂಬು ಹಾಕಿದ ಕುರ್ಚಿಯೊಂದು ಖಾಲಿ ಕಂಡಿತು. ಹೋಗಿ ಕೂತರು. ಅವರು ತೊಟ್ಟಿದ್ದ ಉಣ್ಣೆಯ ಸ್ವೆಟರ್ ಅಪ್ಪಟ ನೇರಳೆ.

ನೆವಿಲ್ ಸಿಂಹಾಸನಕ್ಕೆ ಬೆನ್ನು ಹಾಕಿ ಜನರ ಕಡೆ ತಿರುಗಿ ನಿಂತು ಕೂಗಿದ: "ವೀರನೇ, ಮುಂದೆ ಬಾ! ಪ್ರಮಾಣ ಮಾಡು!"

ಲೈಲ್ ನಡೆದ. ಮೊದಲು ಪ್ಯಾಸ್ಟಿ ಗುಡಾರದ ಗ್ಯಾಸ್ ಸಿಲಿಂಡರೊಂದಕ್ಕೆ ಬಾಗಿ ನಮಸ್ಕರಿಸಿದ. ಜನ ಇದೂ ಒಂದು ಪದ್ಧತಿ ಇರಬೇಕೆಂದು ಚಪ್ಪಾಳೆ ತಟ್ಟಿದರು. ಮುಂದೆ ನೇರಳೆ ಕಂಡಿತು. ದಬಕ್ಕನೆ ಮಂಡಿಯೂರಿ, ಕೊಡಲಿಯನ್ನು ನೆಲಕ್ಕೆ ಮುಟ್ಟಿಸಿ, ತಿಂಗಳುಗಟ್ಟಲೆ ಸ್ನಾನದ ಮನೆಯಲ್ಲಿ ಉರುಹೊಡೆದದ್ದನ್ನು ಮೈದಾನ ಅದುರುವ ಹಾಗೆ ಹೇಳಿದ:

"ಈ ಸಿಂಹಾಸನದ ಮೇಲೆ ಕುಳಿತವರ ಪ್ರಾಣಕ್ಕೆ ನನ್ನ ಪ್ರಾಣ ಅಡ್ಡ! ಇಂದು ಸೂರ್ಯ ಮುಳುಗುವ ತನಕ ಇವರ ಪಕ್ಕ ಬಿಡೆನು, ಇವರ ಮಾತು ಮೀರೆನು!"

ಮೇಲಿನಿಂದ ಉತ್ತರ ಬಂತು. "ಆಗಲಿ ಕಣಪ್ಪಾ, ಬೇಡ ಅನ್ನಲ್ಲ. ಮೊದಲು ಒಂಚೂರು ಆ ಸ್ಟೂಲ್ ಎಳೆದು ಕೊಡು, ಕಾಲಿಡ್ತೀನಿ."

ಚಕ್ರವರ್ತಿಯ ದನಿ ಯಾಕೆ ಹೀಗಾಯಿತು ಎಂದು ಲೈಲ್ ಮೂಗು ಮುಂದೆ ಚಾಚಿ ನೋಡಿದ. ಕಿವಿಯೋಲೆ ಕಂಡಿತು.

ಅಷ್ಟರಲ್ಲಿ ನೆವಿಲ್ ತಿರುಗಿ ನೋಡಿದ. ಸ್ಟೆಲಿಯೋಸ್ ಓಡಿಬಂದ. ಗಸ್ ಹೊಟ್ಟೆ ಹಿಡಿದುಕೊಂಡು ನೆಲದಲ್ಲಿ ಉರುಳಾಡಿ ನಗುತ್ತಿದ್ದ. ಅಲ್ಲೇ ಪಂಚಾಯಿತಿ ಸೇರಿತು.

"ಇದೇನು ಲೆಕ್ಕಕ್ಕಿಲ್ಲ ತಾನೇ ಸಾರ್? ಇನ್ನೊಂದ್ಸಲ ಮಾಡ್ತೀನಿ" ಎಂದು ಲೈಲ್ ಗೋಗರೆದ.

ನೆವಿಲ್ ಗಡ್ಡ ನೀವಿಕೊಂಡ. ಕಾರಿನ ಚಕ್ರ ಗೆರೆಯ ಮೇಲಿದೆಯೋ ಹೊರಗಿದೆಯೋ ಎಂದು ನೋಡುವಾಗಲೂ ಅವನು ಹೀಗೇ ಮಾಡುವುದು. "ಪ್ರಮಾಣದಲ್ಲಿ ಹೆಸರಿದೆಯೇನು? ಇಲ್ಲ. ಸಿಂಹಾಸನದ ಮೇಲೆ ಕುಳಿತವರು ಅಂತ ಇದೆ. ಕುಳಿತವರು ಯಾರು?"

"ನಾನು" ಎಂದರು ಬೊಲಿಥೋ ಅಮ್ಮ.

"ಕೊಡಲಿ ನೆಲ ಮುಟ್ಟಿದೆ, ಸಾವಿರ ಜನ ಕೇಳಿದಾರೆ. ವರಂಗಿ ಆಣೆ ಎರಡು ಸಲ ಹಾಕಲ್ಲ. ಸಂಜೆ ತನಕ ಪಾಲಿಸಿದ್ರೆ ನೀನು ವರಂಗಿ. ಮುರಿದ್ರೆ, ನಿಲುವಂಗಿ ಇಸ್ತ್ರಿ ಮಾಡಿಟ್ಟಿದೀನಿ ಅಂದ್ನಲ್ಲ."

"ಅಮ್ಮಾ, ನೀವಾದ್ರೂ ಬೇಡ ಅಂತ ಹೇಳಿ" ಎಂದು ಲೈಲ್ ಕೈಮುಗಿದ.

"ನಾನ್ಯಾಕಪ್ಪಾ ಬೇಡ ಅನ್ಲಿ? ಈಗಿನ ಕಾಲದಲ್ಲಿ ಆಳು ಸಿಗೋದೇ ಕಷ್ಟ. ಏಳು, ಒಲೆಯಲ್ಲಿ ಪ್ಯಾಸ್ಟಿ ಸೀದುಹೋಗತ್ತೆ."

ಹೀಗೆ ಬೈಜಾಂಟಿಯಂನ ಕೂಲಿ ಯೋಧ ಪ್ಯಾಸ್ಟಿ ಗುಡಾರ ಸೇರಿದ. ಕೊಡಲಿ ಕಂಕುಳಲ್ಲಿ, ಕೈಯಲ್ಲಿ ತಟ್ಟೆ. ಬಿಸಿ ತಟ್ಟೆ ಯಾವುದು, ತಣ್ಣನೆಯದು ಯಾವುದು ಎಂದು ಕಾಣದೆ ಬೆರಳು ಸುಟ್ಟುಕೊಂಡ. ಟೊಮೆಟೊ ಸಾಸ್ ಎಂದುಕೊಂಡು ಪೂಜಾರಿಯಂಥ ಭಕ್ತಿಯಿಂದ ಸ್ಟ್ರಾಬೆರಿ ಜಾಮನ್ನು ಪ್ಯಾಸ್ಟಿಗಳ ಮೇಲೆ ಸುರಿದ. ಅವನ್ನು ತಿಂದವರಲ್ಲಿ ಇಬ್ಬರು ಮತ್ತೆ ಬಂದು ಅದೇ ಬೇಕೆಂದರು. ಶಿಬಿರದ ವರಂಗಿಗಳು ಒಬ್ಬೊಬ್ಬರಾಗಿ ಬಂದು ಇಣುಕಿ, "ಏನಮ್ಮಾ, ಕೋಟೆ ಭದ್ರವಾಗಿದೆಯಾ?" ಎಂದು ಕೇಳಿ ಹೋಗುತ್ತಿದ್ದರು. ಲೈಲ್ ಹಲ್ಲು ಕಚ್ಚಿಕೊಂಡ. ಸಂಜೆ ಆಗಲಿ, ಇವರ ಸಾಲಿನಲ್ಲೇ ಕೊಡಲಿ ಹಿಡಿದು ನಿಲ್ಲುತ್ತೇನೆ, ಆಗ ನೋಡಲಿ.

ಮಧ್ಯಾಹ್ನದ ಹೊತ್ತಿಗೆ ಬೊಲಿಥೋ ಅಮ್ಮ ಅವನ ತೋಳು ಚಿವುಟಿದರು. "ಬಂದ್ಲು ನೋಡು, ಕ್ಯಾರೆಟ್ಟಿನವಳು!"

ಕ್ಯಾರೆಟ್ಟಿನವಳು ಅಂದರೆ ಡಲ್ಸಿ ಹಾಕಿಂಗ್. ಪ್ಯಾಸ್ಟಿಯ ಹೂರಣಕ್ಕೆ ಕ್ಯಾರೆಟ್ ತುರಿದು ಹಾಕುವ ಹೆಂಗಸು. ಕಡೈನಾದಲ್ಲಿ ಇದಕ್ಕಿಂತ ದೊಡ್ಡ ಅಪವಾದ ಬೇರೆ ಬೇಕಿಲ್ಲ. ಇಬ್ಬರೂ ಮಾತು ಬಿಟ್ಟು ಯಾವ ಕಾಲವಾಯಿತೋ. ಬಿಟ್ಟಿರುವುದು ಒಳ್ಳೆಯ ಮಾತು ಮಾತ್ರ, ಉಳಿದದ್ದು ಧಾರಾಳವಾಗಿ ನಡೆಯುತ್ತಿತ್ತು.

"ಅವಳನ್ನ ಒಳಗೆ ಬಿಡಬೇಡ. ಇದು ನನ್ನ ಅಪ್ಪಣೆ."

ಲೈಲ್ ಹೊರಗೆ ಹಾರಿ ಕೊಡಲಿ ಅಡ್ಡ ಹಿಡಿದು, "ನಿಲ್ಲು! ಒಂದು ಹೆಜ್ಜೆ ಇಟ್ರೆ ತಲೆ ಉರುಳುತ್ತೆ!" ಎಂದು ಗರ್ಜಿಸಿದ. ಅವನ ಮುಂದೆ ನಿಂತಿದ್ದವರು ಪ್ಯಾಸ್ಟಿ ಸ್ಪರ್ಧೆಯ ತೀರ್ಪುಗಾರರಾದ ಪಾದ್ರಿಗಳು. ಅವರ ಕೈಲಿದ್ದ ಚಹಾ ಅಂಗಿಯ ಮೇಲೆ ಚೆಲ್ಲಿತು. ಡಲ್ಸಿ ಅವರ ಹಿಂದೆ ನಿಂತು, "ನೋಡಿ ಫಾದರ್, ಎನಿಡ್ ತೀರ್ಪುಗಾರರ ತಲೆ ತೆಗೆಯೋಕೆ ಆಳಿಟ್ಟಿದಾಳೆ" ಎಂದಳು.

ಲೈಲ್ ಕೊಡಲಿ ಕೆಳಗಿಳಿಸಿದ. ಏನೂ ತೋಚದಾಗ ಬಾಯಿಗೆ ಬರುವುದು ಅಭ್ಯಾಸವಾದ ಮಾತು ತಾನೇ. ಅವನ ದನಿ ತಾನೇ ಮೆತ್ತಗಾಯಿತು, ಸೊಂಟ ತಾನೇ ಬಾಗಿತು. "ಕ್ಷಮಿಸಬೇಕು ಫಾದರ್, ತಾವು ದಯಮಾಡಿಸಬೇಕು. ತಮ್ಮ ದಾರಿಯನ್ನೇ ಅಮ್ಮನವರು ಕಾಯ್ತಿದಾರೆ" ಎಂದು ಪಾದ್ರಿಗಳ ಅಂಗಿ ಒರೆಸಿ ಒಳಗೆ ಬಿಟ್ಟ. ಡಲ್ಸಿಯ ಕಡೆ ತಿರುಗಿ, "ತಾವು ನಾಳೆ ಬಂದ್ರೆ ಒಳ್ಳೇದು. ಅಮ್ಮನವರು ವಿಶ್ರಾಂತಿಯಲ್ಲಿದ್ದಾರೆ" ಎಂದ.

ಇಷ್ಟು ಮರ್ಯಾದೆಯಿಂದ ಡಲ್ಸಿಯನ್ನು ಯಾರೂ ಓಡಿಸಿರಲಿಲ್ಲ. ಬಂದ ದಾರಿಯಲ್ಲೇ ಹೊರಟುಹೋದಳು.

ಒಳಗಿನಿಂದ ಬೊಲಿಥೋ ಅಮ್ಮ ಎಲ್ಲವನ್ನೂ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಗುಡಾರದ ಹಿಂದಿದ್ದ ಒಲೆಯ ಕೋಣೆಯ ಬೀಗದ ಕೈಯನ್ನು ಲೈಲನ ಅಂಗೈಗೆ ಹಾಕಿ, "ಇಟ್ಕೊಂಡಿರು" ಎಂದರು. ಆಮೇಲೆ ನೊಣ ಓಡಿಸಲು ರಟ್ಟಿನ ತುಂಡೊಂದನ್ನೂ ಕೊಟ್ಟರು. ಅವನು ಬೀಸಿದ. ಬೀಸುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು, ಏನು ಮಾಡುವುದು.

ಸಂಜೆಗೆ ಮುಂಚೆ ಮಹಾಯುದ್ಧ. ಪೋರ್ಟ್ ಪಿರಿ ಎಂಬ ಊರಿನಿಂದ ಬಂದ ತಂಡದವರು ಪ್ರತಿ ವರ್ಷ ಶತ್ರುಗಳಾಗಿ ಮೇಲೆ ಬಿದ್ದು, ಪ್ರತಿ ವರ್ಷ ಸೋತು, ಕಡೈನಾದ ಖರ್ಚಿನಲ್ಲಿ ಬಿಯರ್ ಕುಡಿದು ಹೋಗುವುದು ಪದ್ಧತಿ. ಯುದ್ಧ ಮುಗಿದಾಗ ಸಿಂಹಾಸನದ ಮೇಲೆ ಯಾರಿರುತ್ತಾರೋ ಅವರಿಗೆ ವರ್ಷದ ಕಿರೀಟ. ಅಲ್ಲಿ ಯಾವಾಗಲೂ ಸ್ಟೆಲಿಯೋಸನೇ ಇರುತ್ತಿದ್ದುದರಿಂದ ಈ ನಿಯಮದ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

"ನಾನೂ ಯುದ್ಧ ನೋಡ್ಬೇಕಪ್ಪಾ" ಎಂದರು ಬೊಲಿಥೋ ಅಮ್ಮ. "ಆದ್ರೆ ನಿಂತು ನೋಡಕ್ಕಾಗಲ್ಲ."

ಚಕ್ರವರ್ತಿ ಕುದುರೆಯ ಪಕ್ಕ ನಿಂತು ಸೈನ್ಯ ನಡೆಸುವುದು ಆಟದ ಭಾಗ. ಹಾಗಾಗಿ ಸಿಂಹಾಸನ ಖಾಲಿಯಿತ್ತು. ಲೈಲ್ ಅಮ್ಮನನ್ನು ಕೂರಿಸಿ, ಕಾಲಿಗೆ ಸ್ಟೂಲ್ ಎಳೆದು, ಪಕ್ಕದಲ್ಲಿ ನಿಂತ. ದೂರದಲ್ಲಿ ಕೂಗು, ಗುರಾಣಿಗಳ ಧಡಬಡ ಸದ್ದು. ಅವನಿಗೆ ಕಂಡದ್ದು ಧೂಳಿನಲ್ಲಿ ಅತ್ತಿತ್ತ ಓಡಾಡುವ ಕಲೆಗಳು. ಎಡಬದಿಯಲ್ಲಿ ಅವನು ನಿಲ್ಲಬೇಕಾಗಿದ್ದ ಜಾಗ ಖಾಲಿಯಿದ್ದುದರಿಂದ ಶತ್ರುಗಳು ಆ ಸಂದಿನಲ್ಲಿ ನುಗ್ಗಿದರು. ಸ್ಟೆಲಿಯೋಸ್ ಹಿಂದೆ ಸರಿಯಲು ಹೋಗಿ ತನ್ನದೇ ನಿಲುವಂಗಿ ಮೆಟ್ಟಿ ಅಂಗಾತ ಬಿದ್ದ. ಪೋರ್ಟ್ ಪಿರಿಯವನೊಬ್ಬ ಸಂಕೋಚದಿಂದಲೇ ಅವನ ಎದೆಗೆ ಈಟಿ ಮುಟ್ಟಿಸಿದ. ಚಕ್ರವರ್ತಿ ಸತ್ತ. ಗಸ್ಸೂ ಸತ್ತ. ಅವನಿಗೆ ಹೊಟ್ಟೆನೋವು ಬೇರೆ ಶುರುವಾಗಿತ್ತು.

ಎಂದೂ ಗೆದ್ದು ಅಭ್ಯಾಸವಿಲ್ಲದ ಶತ್ರುಗಳು ಮುಂದೇನು ಮಾಡುವುದೆಂದು ತಿಳಿಯದೆ ಸಿಂಹಾಸನದ ಕಡೆ ಓಡಿಬಂದರು. ಮುಂದೆ ಅವರ ನಾಯಕ, ಕೊಳಾಯಿ ರಿಪೇರಿಯವನು, ಕತ್ತಿ ಎತ್ತಿಕೊಂಡು ಬರುತ್ತಿದ್ದ. ಲೈಲ್ ಕೊಡಲಿ ಎತ್ತಬೇಕೆಂದುಕೊಂಡ. ಆಗಲೇ ಪಕ್ಕದಿಂದ ಸಣ್ಣ ಗೊರಕೆ ಕೇಳಿಸಿತು. ಯುದ್ಧದ ನಡುವೆ ಬೊಲಿಥೋ ಅಮ್ಮನಿಗೆ ನಿದ್ದೆ ಹತ್ತಿಬಿಟ್ಟಿತ್ತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ಕಲಸಿದ ಜೀವ.

ಲೈಲ್ ಕೊಡಲಿ ಬಿಟ್ಟು ತುಟಿಯ ಮೇಲೆ ಬೆರಳಿಟ್ಟ. "ಶ್! ಅಮ್ಮನವರು ವಿಶ್ರಾಂತಿಯಲ್ಲಿದ್ದಾರೆ."

ಶತ್ರು ನಾಯಕ ಗಕ್ಕನೆ ನಿಂತ. ನೋಡಿದ. "ಓ, ಸಾರಿ ಗುರು" ಎಂದು ಪಿಸುಗುಟ್ಟಿ ಕತ್ತಿ ಇಳಿಸಿದ. ಹಿಂದೆ ಬರುತ್ತಿದ್ದವರಿಗೆ ಕೈಸನ್ನೆ ಮಾಡಿದ. ಪೋರ್ಟ್ ಪಿರಿಯ ಸೈನ್ಯವೆಲ್ಲ ತುದಿಗಾಲಲ್ಲಿ ಹಿಂದಕ್ಕೆ ಹೋಯಿತು. ಆಮೇಲೆ ಎದ್ದ ಚಪ್ಪಾಳೆಗೆ ಬೊಲಿಥೋ ಅಮ್ಮ ಬೆಚ್ಚಿಬಿದ್ದು, "ಯಾಕೆ, ಪ್ಯಾಸ್ಟಿ ಮುಗೀತಾ?" ಎಂದು ಕೇಳಿದರು.

ನೆವಿಲ್ ಮುಂದೆ ಬಂದು ಮತ್ತೆ ಗಡ್ಡ ನೀವಿದ. ಯುದ್ಧ ಮುಗಿದಿದೆ. ಸಿಂಹಾಸನದ ಮೇಲೆ ಒಬ್ಬರಿದ್ದಾರೆ, ಜೀವಂತವಾಗಿದ್ದಾರೆ. "ನಿಯಮ ನಿಯಮವೇ. ಈ ವರ್ಷ ಇವರೇ ನಮ್ಮ ಮಹಾರಾಣಿ!"

"ನಮ್ಮ ಬೈಜಾಂಟಿಯಂನಲ್ಲಿ ಹೆಣ್ಣು ದೊರೆಗಳು ಎಷ್ಟು ಜನ ಆಗಿಹೋಗಿಲ್ಲ?" ಎಂದು ಸತ್ತಿದ್ದ ಸ್ಟೆಲಿಯೋಸ್ ಎದ್ದು ತನ್ನ ಕಿರೀಟವನ್ನು ಅಮ್ಮನ ತಲೆಗಿಟ್ಟ. ಬಾಣಲೆ ನೋಡಲು ಹೋಗಬಹುದಲ್ಲ ಎಂಬ ನೆಮ್ಮದಿ ಅವನ ಮುಖದಲ್ಲಿತ್ತು.

ಸೂರ್ಯ ಊರಿನ ಪಡುವಣದ ಕೊಲ್ಲಿಯ ಕಡೆಗೆ ಇಳಿಯುತ್ತಿದ್ದ. ನೆವಿಲ್ ಕೆಂಪು ಮೇಲುಹೊದಿಕೆಯನ್ನು ಎರಡು ಕೈಯಲ್ಲಿ ಹಿಡಿದು ತಂದ. ವರಂಗಿಗಳೆಲ್ಲ ಸಾಲಾಗಿ ನಿಂತು ಗುರಾಣಿ ಬಡಿದರು. ಬೆಳಿಗ್ಗೆಯಿಂದ ನಕ್ಕವರೇ ಈಗ, "ಲೈಲ್! ಲೈಲ್!" ಎಂದು ಕೂಗುತ್ತಿದ್ದರು. ಲೈಲನಿಗೆ ಇಷ್ಟು ವರ್ಷದ ಅವಮಾನವೆಲ್ಲ ತೊಳೆದುಹೋದ ಹಾಗಾಯಿತು.

"ಹೊತ್ತು ಮುಳುಗಿದ ತಕ್ಷಣ ಇದು ನಿನ್ನ ಹೆಗಲಿಗೆ" ಎಂದ ನೆವಿಲ್.

"ತಡೀರಪ್ಪಾ" ಎಂದು ಮಹಾರಾಣಿ ಕೈಯೆತ್ತಿದರು. "ನಂದೂ ಒಂದು ಮಾತಿದೆ. ಗಡ್ಡ ಬಿಟ್ಟು ಕೊಡಲಿ ಹಿಡಿದು ಕುಣಿಯೋ ಗಂಡಸರಿಗೆ ಈ ಊರಲ್ಲೇನೂ ಬರ ಇಲ್ಲ. ಈ ಹುಡುಗ ಅವರ ಹಾಗಲ್ಲ. ನನ್ನ ಬೀಗದ ಕೈ ಇಟ್ಕೊಂಡ. ಯಾರನ್ನ ಒಳಗೆ ಬಿಡಬೇಕು, ಯಾರನ್ನ ಬಿಡಬಾರದು ಅಂತ ತಿಳ್ಕೊಂಡ. ನಾನು ನಿದ್ದೆ ಮಾಡಿದಾಗ ಸದ್ದಾಗದ ಹಾಗೆ ನೋಡ್ಕೊಂಡ. ನನ್ನ ಗಂಡನೂ ಇಷ್ಟು ಮಾಡಿರಲಿಲ್ಲ. ಸ್ಟೆಲಿಯೋಸ್, ಇಂಥ ಕೆಲಸಕ್ಕೆ ಅರಮನೆಯಲ್ಲಿ ಏನಂತೀರಪ್ಪಾ?"

ಸ್ಟೆಲಿಯೋಸನಿಗೆ ಇತಿಹಾಸದ ಪ್ರಶ್ನೆ ಕೇಳಿದರೆ ಹಿಂದುಮುಂದು ನೋಡುವ ಅಭ್ಯಾಸವಿಲ್ಲ. "ಅದು ಪ್ರಧಾನ ಕಂಚುಕಿಯ ಹುದ್ದೆ ಅಮ್ಮಾ. ದೊರೆ ಬಿಟ್ಟರೆ ಅವನೇ ದೊಡ್ಡವನು" ಎಂದುಬಿಟ್ಟ.

"ಹಾಂ, ಅದೇ. ಆ ದೊಡ್ಡ ಕೆಲಸ ಲೈಲ್‌ಗೆ. ಒಂದು ವರ್ಷಕ್ಕಲ್ಲ, ಖಾಯಂ. ಏನಪ್ಪಾ, ಒಪ್ಪಿಗೆ ತಾನೇ? ಮತ್ತೆ ಆ ಗಡ್ಡ ಬೋಳಿಸಿಬಿಡು, ಹಿಟ್ಟಿಗೆ ಬೀಳತ್ತೆ."

ಗುರಾಣಿಗಳ ಸದ್ದು ನಿಂತಿತು. ಲೈಲ್ ನೆವಿಲನ ಹತ್ತಿರ ಸರಿದು ಪಿಸುಗುಟ್ಟಿದ. "ಸಾರ್, ಒಲ್ಲೆ ಅಂದ್ರೆ?"

"ಹೊತ್ತು ಮುಳುಗೋ ತನಕ ಇವರ ಮಾತು ಮೀರಲ್ಲ ಅಂತ ಆಣೆ ಇಟ್ಟಿದೀಯ. ಮೀರಿದ್ರೆ ಆಣೆ ಮುರಿದ ಹಾಗೆ. ಮತ್ತೆ ಕಂಚುಕಿ."

"ಹೂಂ ಅಂದ್ರೆ?"

"ಪ್ರಧಾನ ಕಂಚುಕಿ."

ಲೈಲ್ ಪಡುವಣಕ್ಕೆ ತಿರುಗಿದ. ಅಲ್ಲಿ ಒಂದಷ್ಟು ಕೆಂಪು ಕಲಸಿಹೋಗಿತ್ತು, ಅಷ್ಟೇ. ಅದರೊಳಗೆ ಸೂರ್ಯ ಇದ್ದಾನೋ ಇಲ್ಲವೋ ಅವನಿಗೆ ಕಾಣಲಿಲ್ಲ. ಪಕ್ಕದಲ್ಲಿದ್ದ ಬೀರುವಿನಂಥ ಆಕಾರದ ತೋಳು ಹಿಡಿದು ಕೇಳಿದ. "ಗಸ್, ಹೊತ್ತು ಮುಳುಗ್ತೇನೋ?"

ಗಸ್ ಹೊಟ್ಟೆ ಸವರಿಕೊಳ್ಳುತ್ತಾ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. "ಇನ್ನೊಂಚೂರಿದೆ ಕಣೋ."

ಬೊಲಿಥೋ ಅಮ್ಮ ಕಾಯುತ್ತಿದ್ದರು. ಇಡೀ ಮೈದಾನ ಕಾಯುತ್ತಿತ್ತು. ಲೈಲನ ಸೊಂಟ ತಾನೇ ಬಾಗಿತು, ದನಿ ತಾನೇ ಮೆತ್ತಗಾಯಿತು.

"ಅಪ್ಪಣೆ, ಅಮ್ಮನವರೇ" ಎಂದ.

ಗಸ್ ಅವನ ಬೆನ್ನು ತಟ್ಟಿ, "ಈಗ ಮುಳುಗ್ತು ನೋಡು" ಎಂದ.